ಎಸ್ಟೀಮಿಗೆ ದೊಡ್ಡ ಫ್ಯೂಯಲ್ ಪಂಪ್ ಹಾಕಿದ ಮೇಲೆ ಹಳೇ ಮ್ಯಾಪಿನ ಸುಳ್ಳು ಹೊರಬಿದ್ದದ್ದು

ಪತ್ತನಾಜೆಗೆ, ಅಂದ್ರೆ ನಮ್ಮ ತುಳುನಾಡಲ್ಲಿ ಮಳೆಗಾಲಕ್ಕೆ ಮೊದಲು ಮೇ ಕಡೆಗೆ ಬರುವ ದಿನಕ್ಕೆ, ಇನ್ನು ಐದು ವಾರ ಇರುವಾಗ ಶುರು ಮಾಡಿದ ಕೆಲ್ಸ ಇದು. ಮಳೆ ಹಿಡಿದ್ರೆ ಮಾವನ ಹಳೇ ಕಲ್ಲಿನ ಕೋರೆಯ ದಾರಿ ಪೂರ ಕೆಸರು, ಮತ್ತೆ ನವರಾತ್ರಿವರೆಗೆ ಕಾರು ಟಾರ್ಪಾಲಿನ ಅಡಿಯಲ್ಲೇ, ಹಾಗಾಗಿ ಎಂತ ಆಗುದಿದ್ರೂ ಅಷ್ಟರೊಳಗೆ ಆಗ್ಬೇಕಿತ್ತು. ಎರಡು ವೀಕೆಂಡಲ್ಲಿ ಮುಗೀತದೆ ಅಂತ ಅಂದಾಜು ಮಾಡಿದ್ದೆ, ಹಿಡಿದದ್ದು ನಾಲ್ಕೂವರೆ ವಾರ.

ಕಾರಿನ ಜಾತಕ ಮೊದಲು ಹೇಳ್ತೇನೆ. ಮಾರುತಿ ಎಸ್ಟೀಮ್ ಎಂಪಿಎಫ್‌ಐ, 1.3 ಲೀಟರಿನ ಜಿ13ಬಿಬಿ ಇಂಜಿನ್, 16 ವಾಲ್ವ್, ಹೊಸತಿರುವಾಗ 85 ಕುದುರೆ. ಅದರ ಪಕ್ಕದಲ್ಲಿ ಬ್ರಾಕೆಟ್ ಮಾಡಿಸಿ ಕೂರಿಸಿದ್ದು ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬಿಸುವ ಈಟನ್ ಎಂ45 ಸೂಪರ್‌ಚಾರ್ಜರ್, ಮೊದಲಿನ ಮಿನಿ ಕೂಪರ್ ಎಸ್‌ನಲ್ಲಿ ಬರ್ತಿತ್ತಲ್ಲ, ಅದೇ. ಶಾರ್ಜಾದ ಗುಜರಿಯಿಂದ ಭಾವ ತಂದದ್ದು. ಆ ಸಲ ಲಗೇಜಿನಲ್ಲಿ ಹಾಲಿನ ಹುಡಿಗೆ ಜಾಗ ಆಗ್ಲಿಲ್ಲ ಅಂತ ಅಕ್ಕ ಇವತ್ತಿಗೂ ಹೇಳ್ಲಿಕ್ಕುಂಟು. 45 ಅಂದ್ರೆ ಒಂದು ಸುತ್ತಿಗೆ 45 ಘನ ಇಂಚು ಗಾಳಿ ದೂಡ್ತದೆ ಅಂತ, ಮುಕ್ಕಾಲು ಲೀಟರಿಗೆ ಚೂರು ಕಮ್ಮಿ. ಪುಲ್ಲಿ ಲೆಕ್ಕ 1.4, ಅಂದ್ರೆ ಇಂಜಿನ್ 6500 ತಿರುಗುವಾಗ ಅದು 9100 ತಿರುಗ್ತದೆ, ಬೂಸ್ಟ್, ಅಂದ್ರೆ ಅದು ಒತ್ತುವ ಗಾಳಿಯ ಒತ್ತಡ, 7 ಪಿಎಸ್‌ಐ ಆಸುಪಾಸು. ಒತ್ತಿದಾಗ ಬಿಸಿಯಾಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಇಸಿಯು, ಅಂದ್ರೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಮ್ಯಾಪ್ ಅನ್ನುವ ಟೇಬಲ್ ನೋಡಿ ತೀರ್ಮಾನಿಸುವ ಕಂಪ್ಯೂಟರ್, ಸ್ಪೀಡುಯಿನೊ, ನಾನೇ ಸೋಲ್ಡರ್ ಮಾಡಿದ್ದು, ಮ್ಯಾಪ್ ತಿದ್ಲಿಕ್ಕೆ ಲ್ಯಾಪ್‌ಟಾಪಿನಲ್ಲಿ ಟ್ಯೂನರ್‌ಸ್ಟುಡಿಯೊ. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ನಿಮಿಷಕ್ಕೆ 340 ಸಿಸಿಯದ್ದು, 3 ಬಾರ್ ಒತ್ತಡಕ್ಕೆ ಹೇಳಿದ ಲೆಕ್ಕ ಅದು. ಈ 3 ಬಾರ್ ಅನ್ನುವ ಮಾತನ್ನು ನಾನು ಎರಡು ವರ್ಷ ಮರೆತುಬಿಟ್ಟದ್ದೇ ಈ ಕಥೆ.

ಮತ್ತೆ ಒಂದು ಮಾತು, ಇದು ರೋಡಿಗೆ ಇಳಿಯುವ ಕಾರಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಆರ್‌ಸಿಯಲ್ಲಿ ಇದ್ದ ಹಾಗಲ್ಲದೆ ಬದಲಿಸ್ಲಿಕ್ಕೆ ಇಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿ ಹೇಳಿದ್ದು, ಅದೂ ನಮ್ಮ ಕೇರಳದಿಂದಲೇ ಹೋದ ಕೇಸು. ಆಟೋಕ್ರಾಸ್ ರೇಸಿಗೆ ಪಿಕಪ್ಪಿನ ಮೇಲೆ ಹೋಗುದು, ಪಿಕಪ್ಪಿನ ಮೇಲೆ ಬರುದು, ಬಾಕಿ ಟೈಮಲ್ಲಿ ಕೋರೆಯ ದಾರಿ, ಅರ್ಧ ಕಿಲೋಮೀಟರ್, ಚೂರು ಏರು, ಎರಡೂ ಬದಿ ಮುರಕಲ್ಲು. ಲೋಡ್ ಸಿಗ್ಲಿಕ್ಕೆ ಆ ಏರು ಭಾರೀ ಒಳ್ಳೇದು.

ಈಗ ರಗಳೆಗೆ ಬರುವ. ಹೋದ ವರ್ಷ ಫುಲ್ ಬೂಸ್ಟಲ್ಲಿ 5500 ದಾಟಿದ ಕೂಡ್ಲೆ ಇಂಜಿನ್ ಲೀನ್ ಆಗ್ತಿತ್ತು, ಅಂದ್ರೆ ಗಾಳಿಗೆ ಬೇಕಾದಷ್ಟು ಪೆಟ್ರೋಲ್ ಇಲ್ಲ. ವೈಡ್‌ಬ್ಯಾಂಡಲ್ಲಿ (ಸೈಲೆನ್ಸರಿನ ಹೊಗೆ ನೋಡುವ ಸೆನ್ಸರ್) ಲ್ಯಾಂಬ್ಡಾ 0.80 ಬೇಕಾದಲ್ಲಿ 0.90ರ ಮೇಲೆ ಹೋಗುದು. ಲ್ಯಾಂಬ್ಡಾ 1 ಅಂದ್ರೆ ಗಾಳಿಗೆ ಸರಿಯಾದಷ್ಟು ಪೆಟ್ರೋಲ್, ಅದಕ್ಕಿಂತ ಕಮ್ಮಿ ಆದ್ರೆ ಪೆಟ್ರೋಲ್ ಜಾಸ್ತಿ. ನಾನು ಎಂತ ಮಾಡಿದೆ, ವಿಇ ಟೇಬಲಿನ, ಅಂದ್ರೆ ಇಂಜಿನ್ ಎಲ್ಲೆಲ್ಲಿ ಎಷ್ಟು ಗಾಳಿ ಎಳೀತದೆ ಅಂತ ಬರೆಯುವ ಮ್ಯಾಪಿನ, ಮೇಲಿನ ಮೂಲೆಯಲ್ಲಿ ನಂಬರ್ ಜಾಸ್ತಿ ಮಾಡ್ತಾ ಹೋದೆ, 0.80 ಬಂತು, ಖುಷಿ ಆಯ್ತು, ಸೇವ್ ಮಾಡಿದೆ. ಈ ವರ್ಷ ಪುನಃ ಲೀನ್. ಪುನಃ ಜಾಸ್ತಿ ಮಾಡಿದೆ. ಟೇಬಲನ್ನು ತ್ರೀಡಿಯಲ್ಲಿ ನೋಡಿದ್ರೆ ಮೂಲೆಯಲ್ಲಿ ನಮ್ಮ ಕಡೆಯ ಪೊಸಡಿಗುಂಪೆ ಬೆಟ್ಟ ಎದ್ದ ಹಾಗೆ ಒಂದು ಗುಡ್ಡ, ಸುತ್ತ ಎಲ್ಲ ಸಮ. ನಿಜವಾದ ಇಂಜಿನ್ ಯಾವುದೂ ಹಾಗೆ ಉಸಿರಾಡುದಿಲ್ಲ, ಅಷ್ಟು ಮೇಲೆ ಹೋದಾಗ ಇಳೀಬೇಕೇ ಹೊರತು ಏರ್ಲಿಕ್ಕಿಲ್ಲ. ಅದು ನನಗೆ ಗೊತ್ತಿತ್ತು, ಆದ್ರೂ ನೋಡಿಯೂ ನೋಡದ ಹಾಗೆ ಮಾಡಿದ್ದೆ.

ಬುದ್ಧಿ ಬಂದದ್ದು ತೋಟಕ್ಕೆ ಮದ್ದು ಬಿಡುವ ಅಣ್ಣನಿಂದ. ಮಳೆಯ ಮೊದಲು ಬಿಡುವ ಮದ್ದಿಗೆ ದಿನ ನೋಡ್ಲಿಕ್ಕೆ ಅಂತ ಬಂದವರು ಅಪ್ಪನ ಹತ್ರ ಎಲೆಅಡಿಕೆ ಹಾಕಿಕೊಂಡು ಕೂತಿದ್ರು, ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಮೋರೆ ಹಾಳು ಮಾಡಿ ಕೂತದ್ದು ನೋಡಿ "ಎಂತ ಆಯ್ತು" ಅಂತ ಕೇಳಿದ್ರು. ಹೇಳಿದೆ. ಮೇಲೆ ಹೋಗುವಾಗ ಪೆಟ್ರೋಲ್ ಸಾಕಾಗುದಿಲ್ಲ, ನಾನು ಜಾಸ್ತಿ ಬಿಡು ಅಂತ ಹೇಳ್ತಾ ಇದ್ದೇನೆ, ಆದ್ರೂ ಸಾಕಾಗುದಿಲ್ಲ. ಅವರು ನಕ್ಕು "ಅಲ್ಲ ಅಣ್ಣ, ಗೊನೆಗೆ ಮದ್ದು ಎತ್ತದಿದ್ರೆ ನಾವು ಡ್ರಮ್ಮಿಗೆ ಇನ್ನೊಂದು ಕಿಲೋ ಮೈಲುತುತ್ತು ಹಾಕ್ತೇವಾ? ಪಂಪಿನ ಗೇಜ್ ನೋಡುದಲ್ವಾ ಮೊದ್ಲು" ಅಂದ್ರು. ಅಪ್ಪ ನನ್ನ ಮೋರೆ ನೋಡಿದ ರೀತಿ ನಾನು ಇಲ್ಲಿ ಬರೀಲಿಕ್ಕಿಲ್ಲ.

ನಾನು ಎರಡು ವರ್ಷದಲ್ಲಿ ಒಂದೇ ಒಂದು ಸಲ ಫ್ಯೂಯಲ್ ಪ್ರೆಶರ್ ಗೇಜ್ ಹಾಕಿರ್ಲಿಲ್ಲ.

ಮರುದಿನ ಹಾಕಿದೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿಗೆ (ಫ್ಯೂಯಲ್ ರೈಲ್) ಟಿ ಹಾಕಿ ಗೇಜನ್ನು ಬಾನೆಟ್ಟಿನ ಹೊರಗೆ ತಂದು ಗಾಜಿನ ಹೊರಗಡೆಯೇ ಟೇಪ್ ಸುತ್ತಿ ನಿಲ್ಲಿಸಿದ್ದು, ಗೇಜಿನ ಪೈಪಲ್ಲಿ ಇರುದು ಪೆಟ್ರೋಲ್, ಅದನ್ನು ಕಾರಿನ ಒಳಗೆ ತರುವ ಕೆಲ್ಸ ಯಾರೂ ಮಾಡ್ಬೇಡಿ. ಪೆಟ್ರೋಲಿನ ಒತ್ತಡ ಹಿಡಿದಿಡುವ ನನ್ನ ರೆಗ್ಯುಲೇಟರ್ ಬೂಸ್ಟ್ ನೋಡಿ ಏರುವ ಜಾತಿಯದ್ದು, ಇಂಜಿನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಲ್ಲಿ ಒಂದು ಪಿಎಸ್‌ಐ ಏರಿದ್ರೆ ಪೆಟ್ರೋಲ್ ಒತ್ತಡವೂ ಒಂದು ಏರ್ಬೇಕು. 7 ಪಿಎಸ್‌ಐ ಅಂದ್ರೆ ಸುಮಾರು 0.48 ಬಾರ್, ಹಾಗಾಗಿ ಫುಲ್ ಬೂಸ್ಟಲ್ಲಿ ಗೇಜ್ 3.5 ತೋರಿಸ್ಬೇಕು. ತೋರಿಸಿದ್ದು 2.7. ಇಂಜೆಕ್ಟರಿನ ಆಚೆ ಈಚೆ ಇರುವ ವ್ಯತ್ಯಾಸ 3 ಬಾರ್ ಇರ್ಬೇಕಾದಲ್ಲಿ 2.2.

ಇಲ್ಲಿ ಒಂದು ಚೂರು ಲೆಕ್ಕ, ಇದು ಗೊತ್ತಿಲ್ಲದೆ ಮುಂದೆ ಹೋಗಿ ಪ್ರಯೋಜನ ಇಲ್ಲ. ಇಂಜೆಕ್ಟರಿಂದ ಬೀಳುವ ಪೆಟ್ರೋಲ್ ಒತ್ತಡದ ವ್ಯತ್ಯಾಸದ ವರ್ಗಮೂಲದ ಪ್ರಕಾರ ಹೋಗುದು. 2.2ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ 0.856. ಅಂದ್ರೆ 340 ಸಿಸಿಯ ಇಂಜೆಕ್ಟರ್ ಆ ಹೊತ್ತಿಗೆ 291 ಸಿಸಿಯದ್ದಾಗಿತ್ತು, ಮತ್ತೆ ಇಸಿಯುಗೆ ಅದು ಗೊತ್ತಿಲ್ಲ, ಅದು 340 ಅಂತಲೇ ನಂಬಿ ಲೆಕ್ಕ ಹಾಕ್ತಾ ಇತ್ತು. ನಾನು ಆ ಕೊರತೆಯನ್ನು ವಿಇ ಟೇಬಲಲ್ಲಿ 17 ಪರ್ಸೆಂಟ್ ಹೆಚ್ಚು ಬರೆದು ತುಂಬಿಸಿದ್ದೆ. ಡ್ಯೂಟಿ, ಅಂದ್ರೆ ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು, 65 ಪರ್ಸೆಂಟ್ ಇರ್ಬೇಕಾದಲ್ಲಿ 76 ತೋರಿಸ್ತಿದ್ದದ್ದು ಅದಕ್ಕೇ. ಗಾಳಿ ಎಷ್ಟು ಅಂತ ಬರೆಯುವ ಟೇಬಲಲ್ಲಿ ನಾನು ಪಂಪಿನ ರೋಗ ಬರೆದಿಟ್ಟಿದ್ದೆ.

ಪಂಪಿನ ತಾಕತ್ತು ನೋಡ್ಲಿಕ್ಕೆ ಇಂಜಿನ್ ಆಫ್, ಪಂಪ್ ಮಾತ್ರ ಆನ್, ರೆಗ್ಯುಲೇಟರಿಂದ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪನ್ನು ಕಳಚಿ ಕ್ಯಾನಿಗೆ ಬಿಟ್ಟದ್ದು. 30 ಸೆಕೆಂಡಿಗೆ 420 ಎಂಎಲ್, ಗಂಟೆಗೆ 50 ಲೀಟರ್. ಬೇಕಾದದ್ದು ಎಷ್ಟು? 140 ಕುದುರೆ ಅಂತ ಹಿಡಿದು, ಸೂಪರ್‌ಚಾರ್ಜರ್ ಇಂಜಿನಿಗೆ ಕುದುರೆಗೆ ಗಂಟೆಗೆ 0.6 ಪೌಂಡ್ ಲೆಕ್ಕ ಹಾಕಿದ್ರೆ 84 ಪೌಂಡ್, 38 ಕೆಜಿ, ಲೀಟರಿಗೆ 740 ಗ್ರಾಂ ಆದ್ರೆ 51-52 ಲೀಟರ್. ಈಗಿನ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಇನ್ನೂ ಚೂರು ಜಾಸ್ತಿ ಬೇಕು. ಅದೂ 3.5 ಬಾರಲ್ಲಿ, ಒತ್ತಡ ಏರಿದಷ್ಟು ಪಂಪ್ ಕೊಡುದು ಕಮ್ಮಿ. ಪಾಪ, 20 ವರ್ಷ ದಾಟಿದ ಪಂಪ್, 85 ಕುದುರೆಗೆ ಅಂತ ಇಟ್ಟದ್ದು, ಅದರ ತಪ್ಪು ಎಂತದೂ ಇಲ್ಲ.

ಹೊಸ ಪಂಪ್ ವಾಲ್ಬ್ರೋ 255, ಗಂಟೆಗೆ 255 ಲೀಟರ್ ಹೆಸರಿಗೆ. ನನಗೆ ಬೇಕಾದದ್ದರ ಹತ್ರ ಹತ್ರ ಐದು ಪಾಲು. ಇಷ್ಟು ದೊಡ್ಡದು ಯಾಕೆ ಅಂತ ಕೇಳಿದ್ರೆ ನನ್ನ ಹತ್ರ ಮರ್ಯಾದೆಯ ಉತ್ತರ ಇಲ್ಲ, ಭಾವ ರಜೆಗೆ ಬರ್ತಿದ್ರು, ಅವರಿಗೆ ಅದು ಸಿಕ್ಕಿತು. ದೊಡ್ಡದಾದ್ರೆ ಒಳ್ಳೇದೇ ಅಲ್ವಾ ಅಂತ ಅಂದಾಜು ಮಾಡಿದ್ದು ತಪ್ಪು ಅಂತ ಮುಂದೆ ಗೊತ್ತಾಯ್ತು.

ಪಂಪ್ ಬದಲಿಸಿದ ಕೆಲ್ಸದಲ್ಲಿ ಹೇಳ್ಲಿಕ್ಕೆ ಹೆಚ್ಚು ಇಲ್ಲ. ಫ್ಯೂಸ್ ತೆಗೆದು ಇಂಜಿನ್ ತಾನೇ ಬಂದ್ ಆಗುವವರೆಗೆ ಬಿಟ್ಟು ಲೈನಿನ ಒತ್ತಡ ಇಳಿಸಿದ್ದು, ಬ್ಯಾಟರಿ ನೆಗೆಟಿವ್ ಕಳಚಿದ್ದು, ಪೆಟ್ರೋಲ್ ಪೂರ ಕ್ಯಾನಿಗೆ, ಟ್ಯಾಂಕ್ ಇಳಿಸಿದ್ದು ನಾನೂ ವೆಲ್ಡಿಂಗ್ ಶಾಪಿನ ಇಚ್ಚನೂ ಸೇರಿ. ಅಂಗಳದಲ್ಲೇ ಮಾಡಿದ್ದು, ಶೆಡ್ಡಿನ ಒಳಗೆ ಅಲ್ಲ, ಪೆಟ್ರೋಲಿನ ಹೊಗೆ ಗಾಳಿಗಿಂತ ಭಾರ, ಒಳಗೆ ಆದ್ರೆ ನೆಲದಲ್ಲೇ ನಿಲ್ತದೆ. ಒಂದು ವಿಷಯ ಮಾತ್ರ ನೆನಪಿಡಿ, ಟ್ಯಾಂಕಿನ ಒಳಗೆ ಪಂಪಿನಿಂದ ಮೇಲಿನ ಫ್ಲೇಂಜಿಗೆ ಹೋಗುವ ಗೇಣುದ್ದದ ಹೋಸ್ ಉಂಟಲ್ಲ, ಅದು ಪೆಟ್ರೋಲಲ್ಲಿ ಮುಳುಗುವ ಜಾತಿಯದ್ದೇ ಆಗ್ಬೇಕು, ಮೇಲೆ ಜೆ30ಆರ್10 ಅಂತ ಬರೆದಿರ್ತದೆ. ಸಾಧಾರಣ ಫ್ಯೂಯಲ್ ಹೋಸಿನ ಒಳಮೈ ಮಾತ್ರ ಪೆಟ್ರೋಲಿಗೆ ತಡೀತದೆ, ಹೊರಮೈ ಮುಳುಗಿದ್ರೆ ಮೆತ್ತಗಾಗಿ ಹೋಳಾಗ್ತದೆ, ಮತ್ತೆ ನೀವು ಪಂಪ್ ಹಾಳಾಯ್ತು ಅಂತ ಬೈತೀರಿ. ಮಂಗಳೂರಲ್ಲಿ ಮೂರು ಅಂಗಡಿ ತಿರುಗಿದ್ರೂ "ಇದು ಸಾಕು ಮಾರ್ರೆ, ಎಲ್ಲರೂ ಇದನ್ನೇ ಹಾಕುದು" ಅಂತಲೇ ಹೇಳಿದ್ರು, ಕಡೆಗೆ ತರಿಸಿಕೊಂಡೆ, ಗೇಣಿಗೆ ಕೊಟ್ಟ ದುಡ್ಡಲ್ಲಿ ಮನೆಗೆ ಗಾರ್ಡನ್ ಪೈಪ್ ಒಂದು ಸುರುಳಿ ಬರ್ತಿತ್ತು.

ಕ್ಯಾನ್ ಪರೀಕ್ಷೆ ಪುನಃ. 30 ಸೆಕೆಂಡಿಗೆ 1.7 ಲೀಟರ್, ಗೇಜ್ ಸರಿಯಾಗಿ 3.0. ಇಚ್ಚ "ಸೂಪ್ಪರ್" ಅಂದ್ರು. ಪೈಪೆಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ್ರೆ ಹಿಂದಿನಿಂದ ಕಪ್ಪು ಹೊಗೆ, ಐಡಲಲ್ಲಿ ಇಂಜಿನ್ ಕೆಮ್ಮುವ ಹಾಗೆ ಕುಂಟ್ತಾ ಇದೆ, ಲ್ಯಾಂಬ್ಡಾ 0.91. ಹಳೇ ಪಂಪಲ್ಲಿ ಇದೇ ಐಡಲ್ 1.0ರಲ್ಲಿ ನಿಲ್ತಿತ್ತು, ನಾನು ಮ್ಯಾಪಲ್ಲಿ ಒಂದು ಅಕ್ಷರ ಮುಟ್ಟಿಲ್ಲ.

ಕೈ ಕೀಬೋರ್ಡಿಗೆ ಹೋಯ್ತು, ಸುಳ್ಳು ಯಾಕೆ ಹೇಳುದು. ಐಡಲಿನ ನಾಲ್ಕು ಸೆಲ್ ಒಂಬತ್ತು ಪರ್ಸೆಂಟ್ ಇಳಿಸಿದ್ರೆ ಮುಗೀತಿತ್ತು. ಅಷ್ಟರಲ್ಲಿ ಮೈಲುತುತ್ತು ನೆನಪಾಗಿ ಗೇಜ್ ನೋಡಿದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿದ್ರೆ 3.6. ಕ್ಯಾನಿಗೆ ಬಿಟ್ಟಾಗ 3.0 ಇತ್ತಲ್ಲ! ಹಾಗಾದ್ರೆ ರೆಗ್ಯುಲೇಟರ್ ಸರಿ ಉಂಟು, ಅದರಿಂದ ಹಿಂದೆ ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಎಲ್ಲೋ ಕಟ್ಟಿದೆ. ಕಾರಿನ ಅಡಿಗೆ ಹೋಗಿ ಪೈಪನ್ನು ಬೆರಳಲ್ಲಿ ಮುಟ್ಟುತ್ತಾ ಹೋದೆ, ಎಡಬದಿಯ ಹಿಂದಿನ ಬಾಗಿಲಿನ ನೇರಕ್ಕೆ ರಿಟರ್ನ್ ಪೈಪ್ ಚಪ್ಪಟೆ, ಯಾವಾಗಲೋ ಯಾರೋ ಜ್ಯಾಕ್ ಕೊಟ್ಟದ್ದು, ಬಹುಶಃ ನಾನೇ. ಹಳೇ ಪಂಪಿಗೆ ಐಡಲಲ್ಲಿ ವಾಪಸ್ ಕಳಿಸ್ಲಿಕ್ಕೆ ಇದ್ದದ್ದೇ ಹೆಚ್ಚೆಂದ್ರೆ 50 ಲೀಟರ್, ಆ ಸಂದಿಯಲ್ಲಿ ಹೋಗ್ತಿತ್ತು. ಈಗ 200 ಲೀಟರ್ ವಾಪಸ್ ಹೋಗ್ಬೇಕು, ಹೋಗ್ಲಿಕ್ಕೆ ಜಾಗ ಇಲ್ಲದೆ ಒತ್ತಡ ಏರಿ ಕೂತಿತ್ತು. ದೊಡ್ಡ ಪಂಪ್ ಹಾಕಿದ್ರೆ ಬರುವ ದಾರಿಗಿಂತ ಹೋಗುವ ದಾರಿಯನ್ನು ಮೊದಲು ನೋಡ್ಬೇಕು ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಆ ತುಂಡು ಕತ್ತರಿಸಿ ಇಡೀ ರಿಟರ್ನನ್ನು 8 ಎಂಎಂ ಪೈಪಲ್ಲಿ ಹೊಸತು ಎಳೆದದ್ದು, ಒಂದು ಇಡೀ ಆದಿತ್ಯವಾರ ಅದಕ್ಕೇ ಹೋಯ್ತು. ಆಮೇಲೆ ವ್ಯಾಕ್ಯೂಮ್ ಕಳಚಿದ್ರೆ 3.0, ಹಾಕಿದ್ರೆ ಐಡಲಲ್ಲಿ 2.4, ಲ್ಯಾಂಬ್ಡಾ ತಾನೇ 1.0ಕ್ಕೆ ಬಂತು, ಕೀಬೋರ್ಡ್ ಮುಟ್ಟದೆ.

ಮುಂದಿನ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಕೋರೆಗೆ. ಎರಡನೇ ಗೇರಲ್ಲಿ 3000ದಿಂದ ಒತ್ತಿದ್ದು, 5500ಕ್ಕೆ ಇಂಜಿನ್ ಗಂಟಲು ಕಟ್ಟಿದ ಹಾಗೆ ಗೊರಗೊರ, ಕನ್ನಡಿಯಲ್ಲಿ ಹಿಂದೆ ಎಂತದೂ ಕಾಣುದಿಲ್ಲ, ಬರೀ ಕಪ್ಪು. ಓಡುವಾಗ ಇಸಿಯುವಿನಿಂದ ಬರೆದಿಟ್ಟ ಲಾಗ್ ನೋಡಿದ್ರೆ ಲ್ಯಾಂಬ್ಡಾ 0.69. ಗೇಜ್ 3.5, ಕರೆಕ್ಟ್. ಅಂದ್ರೆ ಈಗ ಪಂಪ್ ನಿಜ ಹೇಳ್ತಾ ಉಂಟು, ಟೇಬಲ್ ಇನ್ನೂ ಹಳೇ ಸುಳ್ಳನ್ನೇ ಹೇಳ್ತಾ ಉಂಟು. 0.80ನ್ನು 1.17ರಿಂದ ಭಾಗಿಸಿ ನೋಡಿ, 0.68. ಲೆಕ್ಕ ಇಷ್ಟು ಚಂದ ಕೂತದ್ದು ನೋಡಿ ನಾನು ಸ್ಟೀರಿಂಗಿಗೆ ಹಣೆ ಇಟ್ಟು ನಗಾಡಿದೆ.

ಹಾಗೆ ಪೊಸಡಿಗುಂಪೆಯನ್ನು ಕಡಿದೆ. 5000ದ ಮೇಲೆ, ಮ್ಯಾನಿಫೋಲ್ಡಿನ ಒತ್ತಡ 120 ಕೆಪಿಎ ದಾಟಿದ ಸೆಲ್‌ಗಳನ್ನೆಲ್ಲ ಆಯ್ಕೆ ಮಾಡಿ 0.86ರಿಂದ ಗುಣಿಸಿ, ಅಂಚುಗಳನ್ನು ಪಕ್ಕದವುಗಳ ಜೊತೆ ಸಮ ಮಾಡಿದ್ದು. ಇಲ್ಲಿ ಆಟೋಟ್ಯೂನ್ ಬಿಟ್ಟುಬಿಡ್ಲಿಕ್ಕೆ ಆಗ್ತಿತ್ತು, ಟ್ಯೂನರ್‌ಸ್ಟುಡಿಯೊ ಓಡಿಸ್ತಾ ಓಡಿಸ್ತಾ ಟೇಬಲನ್ನು ಅದೇ ತಿದ್ದುತ್ತದೆ. ನಾನು ಅದರ ವಿರೋಧಿ ಏನಲ್ಲ, ಕಡೆಗೆ ಸಣ್ಣ ತಿದ್ದುಪಡಿಗೆ ಅದನ್ನೇ ಬಳಸಿದ್ದು, ಆದ್ರೆ ಅದಕ್ಕೂ ಒತ್ತಡ ಗೊತ್ತಿಲ್ಲ. ಚಪ್ಪಟೆ ಪೈಪಿದ್ರೆ ಚಪ್ಪಟೆ ಪೈಪಿಗೆ ತಕ್ಕ ಹಾಗೆ ಚಂದ ಮಾಡಿ ಟೇಬಲ್ ಬರೆದು ಕೊಡ್ತದೆ, ನಾನು ಎರಡು ವರ್ಷ ಕೈಯಲ್ಲಿ ಬರೆದ ಸುಳ್ಳನ್ನು ಅದು ಹತ್ತು ನಿಮಿಷದಲ್ಲಿ ಬರೀತದೆ.

ಇನ್ನೊಂದು, ನಂಬರನ್ನು ಲ್ಯಾಂಬ್ಡಾದಲ್ಲಿ ನೋಡಿ, ಗಾಳಿ-ಪೆಟ್ರೋಲಿನ ತೂಕದ ಲೆಕ್ಕವಾದ ಎಎಫ್‌ಆರಲ್ಲಿ ಬೇಡ. ಗೇಜಲ್ಲಿ ಕಾಣುವ 14.7 ಎಥೆನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ, ಇ20ಕ್ಕೆ ಅದೇ ಜಾಗ 13.5ರ ಹತ್ರ ಬರ್ತದೆ. ಟ್ಯೂನ್ ಮುಗಿಯುವವರೆಗೆ ಒಂದೇ ಬಂಕಿನ ಪೆಟ್ರೋಲ್ ಹಾಕಿ. ನಾವು ಗಡಿಯವರು, ಕರ್ನಾಟಕದ ಬದಿಯಲ್ಲಿ ಅಗ್ಗ ಅಂತ ಒಂದು ದಿನ ಆಚೆಯದ್ದು, ಒಂದು ದಿನ ಈಚೆಯದ್ದು ಹಾಕುವವರು, ಆ ಅಭ್ಯಾಸ ಒಂದು ತಿಂಗಳು ಬಿಡ್ಬೇಕು.

ಹೀಗೆ ಫುಲ್ ಒತ್ತಿ ಓಡಿಸುವ ಒಂದೊಂದು ಓಟಕ್ಕೆ ಪುಲ್ ಅಂತ ಹೇಳುದು. ಐದನೇ ಪುಲ್‌ಗೆ ಎಲ್ಲ ಸರಿ ಇತ್ತು, 0.80, 0.81. ಆರನೆಯದಕ್ಕೆ 0.84. ಬಿಸಿಗೆ ಇರ್ಬೇಕು ಅಂತ ಅಂದಾಜು ಮಾಡಿದೆ. ಏಳನೆಯದಕ್ಕೆ 5200ರಲ್ಲಿ 0.95, ಕಾಲು ತೆಗೆದದ್ದು ಹೇಗೆ ಅಂತ ನನಗೇ ಗೊತ್ತಿಲ್ಲ, ಬೂಸ್ಟಲ್ಲಿ ಅಷ್ಟು ಲೀನ್ ಆದ್ರೆ ಪಿಸ್ಟನ್ ಕರಗ್ಲಿಕ್ಕೆ ಹೆಚ್ಚು ಹೊತ್ತು ಬೇಡ. ಗೇಜ್ ನೋಡಿದ್ದು ನೆನಪುಂಟು, 2.6ರ ಹತ್ರ ಬಿದ್ದಿತ್ತು. ಹೊಸ ಪಂಪ್, ಹೊಸ ಪೈಪ್, ಪುನಃ ಅದೇ ಕಥೆ.

ಒಂದು ಗಂಟೆ ತಣಿದ ಮೇಲೆ ನೋಡಿದ್ರೆ ಪುನಃ 3.5. ಬಿಸಿ ಆದಾಗ ಮಾತ್ರ ಬೀಳುದು. ಬೇಸಗೆಯಲ್ಲಿ ಸಂಜೆ ಹೊತ್ತು ಕರೆಂಟಿನ ವೋಲ್ಟೇಜ್ ಬಿದ್ದಾಗ ಬಾವಿಯ ಪಂಪ್ ಗುಂಯ್ ಅಂತ ತಿರುಗ್ತದೆ, ಟ್ಯಾಂಕಿಗೆ ನೀರು ಮಾತ್ರ ಎತ್ತುದಿಲ್ಲ, ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಮಲ್ಟಿಮೀಟರ್ ಹಿಡ್ಕೊಂಡು ಹಿಂದಿನ ಸೀಟಿನ ಅಡಿಯಲ್ಲಿ ಕೂತೆ, ಪಂಪ್ ಓಡ್ತಾ ಇರುವಾಗಲೇ ನೋಡುದು, ಆಫ್ ಇರುವಾಗ ನೋಡಿದ್ರೆ ಎಲ್ಲ 12 ತೋರಿಸಿ ಮೋಸ ಮಾಡ್ತದೆ. ಬ್ಯಾಟರಿಯಲ್ಲಿ 13.7, ಪಂಪಿನ ಕನೆಕ್ಟರಲ್ಲಿ 9.2! ಎಲ್ಲಿ ಹೋಯ್ತು ಬಾಕಿದ್ದು? ಬ್ಯಾಟರಿಯ ಪಾಸಿಟಿವಿಂದ ಪಂಪಿನ ಪಾಸಿಟಿವಿಗೆ ಮೀಟರ್ ಹಿಡಿದ್ರೆ 0.6, ಅದು ಕ್ಷಮಿಸುವ ಅಂಥದ್ದು. ನೆಗೆಟಿವಿಂದ ನೆಗೆಟಿವಿಗೆ 3.9. ಅರ್ತ್ ಹೋಗಿತ್ತು. ಡಿಕ್ಕಿಯ ತಳದಲ್ಲಿ ಬೋಲ್ಟ್ ಕಳಚಿದ್ರೆ ವಾಶರಿನ ಅಡಿ ಪೂರ ತುಕ್ಕು, ಸಮುದ್ರದಿಂದ ಇಷ್ಟು ದೂರ ಇದ್ರೂ ನಮ್ಮ ಮಳೆ ಬಿಡುದಿಲ್ಲ. ಹಳೇ ಪಂಪ್ ಎಳೆಯುವ ಮೂರು ನಾಲ್ಕು ಆಂಪಿಗೆ ಆ ತುಕ್ಕು ಹೇಗೋ ಸಾಕಾಗ್ತಿತ್ತು, ಹೊಸತು ಎಳೆಯುದು ಅದರ ಎರಡು ಪಟ್ಟು, ಬಿಸಿ ಆದಷ್ಟು ತಡೆ ಏರುದು, ಫ್ಲೇಂಜಿನ ಮೇಲಿನ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನೂ ನಾಲ್ಕು ಪುಲ್ ಮಾಡಿದ್ರೆ ಟ್ಯಾಂಕಿನ ಮೇಲೆಯೇ ಪ್ಲಾಸ್ಟಿಕ್ ಕರಗ್ತಿತ್ತೋ ಏನೋ, ಅದನ್ನು ಯೋಚಿಸಿ ಆ ರಾತ್ರಿ ಸರಿ ನಿದ್ದೆ ಬರ್ಲಿಲ್ಲ.

ಕುಂಬಳೆಯಿಂದ 4 ಸ್ಕ್ವೇರ್ ಎಂಎಂ ವೈರ್, 30 ಆಂಪಿನ ರಿಲೇ, ಬ್ಯಾಟರಿಯ ಹತ್ರವೇ 20 ಆಂಪ್ ಫ್ಯೂಸ್. ಹಳೇ ವೈರ್ ಈಗ ರಿಲೇಗೆ ಸಿಗ್ನಲ್ ಕೊಡುದು ಮಾತ್ರ. ಅರ್ತಿಗೂ ಅದೇ ದಪ್ಪದ ವೈರ್, ಬಾಡಿಯನ್ನು ನಂಬದೆ ಬ್ಯಾಟರಿಯವರೆಗೆ. ಕನೆಕ್ಟರ್ ಹೊಸತು. ಈಗ ಪಂಪಲ್ಲಿ 13.3, ಹತ್ತು ಪುಲ್ ಆದ ಮೇಲೂ 13.3.

ಅದಾದ ಮೇಲೆ ಟ್ಯೂನಿಂಗ್ ಅಂತ ಹೇಳುವ ಕೆಲ್ಸ ಎರಡು ಬೆಳಿಗ್ಗೆಯಲ್ಲಿ ಮುಗೀತು. ಟೈಮಿಂಗ್, ಅಂದ್ರೆ ಕಿಡಿ ಹೊಡೆಯುವ ಹೊತ್ತು, ಅದರ ಬೇಸನ್ನು ಟೈಮಿಂಗ್ ಲೈಟಲ್ಲಿ ನೋಡಿದ್ದು, ಬೂಸ್ಟಿನ ಒಂದೊಂದು ಪಿಎಸ್‌ಐಗೆ ಒಂದೊಂದು ಡಿಗ್ರಿ ಹಿಂದೆ ಹಾಕುವ ಲೆಕ್ಕದಿಂದ ಶುರು ಮಾಡಿದ್ದು. ನಾಕ್, ಅಂದ್ರೆ ಇಂಜಿನಿನ ಒಳಗೆ ಪೆಟ್ರೋಲ್ ತಾನೇ ಸಿಡಿಯುವ ಸದ್ದು, ಕೇಳ್ಲಿಕ್ಕೆ ತಾಮ್ರದ ಪೈಪಿನ ಒಂದು ತುದಿ ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಪೈಪ್, ಅದು ಇಚ್ಚನ ಗ್ರೈಂಡಿಂಗ್ ಇಯರ್‌ಮಫ್ಫಿಗೆ. ನೋಡ್ಲಿಕ್ಕೆ ನಗು ಬರುವ ಸಾಮಾನು, ಆದ್ರೆ 4200ರಲ್ಲಿ ಒಂದು ಟಿಕ್ ಅಂತ ಕೇಳಿದ್ದು ಅದರಲ್ಲೇ, ಟೈಮಿಂಗ್ 18 ಡಿಗ್ರಿ ಇದ್ದದ್ದನ್ನು 16 ಮಾಡಿದ ಮೇಲೆ ಇಲ್ಲ. ಇಂಟರ್‌ಕೂಲರ್ ಇಲ್ಲದ ಕಾರಣ ಮೂರು ಪುಲ್‌ಗೆ ಒಳಗೆ ಹೋಗುವ ಗಾಳಿ 78 ಡಿಗ್ರಿಗೆ ಏರ್ತದೆ, ಅದಕ್ಕೆ 60 ದಾಟಿದ್ರೆ ಟೈಮಿಂಗ್ ಇನ್ನೂ ಹಿಂದೆ ಹೋಗುವ ಟೇಬಲ್ ಬೇರೆ. ಮೂರು ಪುಲ್, ಬಾನೆಟ್ ತೆರೆದು ಒಂದು ಚಾ, ಪುನಃ ಮೂರು.

ಕಡೇ ಲಾಗ್: 6200ರಲ್ಲಿ ಬೂಸ್ಟ್ 7.1, ಗೇಜ್ 3.5, ಲ್ಯಾಂಬ್ಡಾ 0.80, ಡ್ಯೂಟಿ 66. ಟೇಬಲ್ ತ್ರೀಡಿಯಲ್ಲಿ ಗುಡ್ಡೆಯ ಬೆನ್ನಿನ ಹಾಗೆ ನಿಧಾನ ಏರಿ ನಿಧಾನ ಇಳೀತದೆ. ಗಾಜಿನ ಹೊರಗಿನ ಗೇಜ್ ತೆಗೆದು ಅದರ ಜಾಗದಲ್ಲಿ ಸೆನ್ಸರ್ ಹಾಕಿ ಸ್ಪೀಡುಯಿನೊಗೆ ಕೊಟ್ಟಿದ್ದೇನೆ, ಇನ್ನು ಪ್ರತಿ ಲಾಗಲ್ಲೂ ಲ್ಯಾಂಬ್ಡಾದ ಅಡಿಯಲ್ಲಿ ಒತ್ತಡದ ಗೆರೆಯೂ ಬರ್ತದೆ. ಪಂಪ್ ದೊಡ್ಡದಾದ ಕಾರಣ ಟ್ಯಾಂಕಲ್ಲಿ ಪೆಟ್ರೋಲ್ ಬಿಸಿ ಆಗುದು ಒಂದು ಬಾಕಿ ಉಂಟು, ಅರ್ಧ ಗಂಟೆ ಸುಮ್ಮನೆ ಐಡಲ್ ಬಿಟ್ರೆ ಟ್ಯಾಂಕ್ ಕೈಗೆ ಬೆಚ್ಚಗೆ ಸಿಗ್ತದೆ, ಅದಕ್ಕೆ ಎಂತ ಮಾಡುದು ಅಂತ ಮಳೆಗಾಲದಲ್ಲಿ ನೋಡುವ.

ನಿನ್ನೆ ಸಂಜೆ ಮೂಡಿನಲ್ಲಿ ಒಂದು ಗುಡುಗು ಆಯ್ತು, ಟಾರ್ಪಾಲು ಕಟ್ಟಿ ಆಯ್ತು. ಮದ್ದಿನ ಅಣ್ಣ ಫೋನ್ ಮಾಡಿದ್ರು, ಅವರ ಸ್ಪ್ರೇ ಪಂಪಿನ ಗೇಜ್ ಮುಳ್ಳು ಅಲುಗುದಿಲ್ಲ ಅಂತೆ, ನಾಳೆ ಬೆಳಿಗ್ಗೆ ನೋಡ್ಲಿಕ್ಕೆ ಹೋಗ್ಬೇಕು.